ಆಕಾಶಗರುಡನಿಗೊಂದು ಹಿಡಿ ಮಣ್ಣು

ಹಾಸನ ಜಿಲ್ಲೆಗೆ ಬರುವ ಯಾತ್ರಿಕರ ದಾರಿ ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತದೆ. ಅರಸೀಕೆರೆಯ ರೈಲು ಜಂಕ್ಷನ್ನಿನಲ್ಲಿ ಇಳಿದವರು ಊರೊಳಗಿನ ಹೊಯ್ಸಳರ ಕಾಲದ ಶಿವಾಲಯವನ್ನು ಕಂಡು, ಹಾರನಹಳ್ಳಿಯ ಗುಡಿಗಳನ್ನು ನೋಡಿ, ಅಲ್ಲಿಂದ ಹಳೇಬೀಡು ಬೇಲೂರುಗಳತ್ತ ಸಾಗುತ್ತಾರೆ. ಚನ್ನರಾಯಪಟ್ಟಣದ ಕಡೆಗೆ, ದಕ್ಷಿಣಕ್ಕೆ ಹೊರಳುವವರು ಕಡಿಮೆ. ಆ ಕಡೆಯಲ್ಲಿದೆ ಗಂಡಸಿ. ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ದಾರಿಗಳು ಕೂಡುವ ಸ್ಥಳಕ್ಕೆ ಗಂಡಸಿ ಹ್ಯಾಂಡ್‌ಪೋಸ್ಟ್ ಎಂದೇ ಹೆಸರು. ಯಾವ ಊರಿಗೆ ಯಾವ ದಾರಿ ಎಂದು ಕೈಚಾಚಿ ತೋರಿಸುವ ಕೈಮರದಿಂದ ಬಂದ ಹೆಸರದು. ಬೇಲೂರಿನ ಮದನಿಕೆಯರಿಗಾಗಿ ಬಂದವರಿಗೆ ತೋರಿಸಲು ಈ ಸೀಮೆಯಲ್ಲಿ ತೆಂಗಿನ ತೋಟ, ರಾಗಿಯ ಹೊಲ, ಕತ್ತಾಳೆಯ ಬೇಲಿ, ಕುರುಚಲು ಗಿಡಗಳ ಗುಡ್ಡ, ಇವಿಷ್ಟೇ ಇವೆ. ಆದರೆ ಇಂಥ ಬೇಲಿಗಳಲ್ಲಿಯೇ ಒಂದು ವಿಚಿತ್ರ ಬಳಗ ವಾಸಿಸುತ್ತದೆ. ನೆಲದ ಮಟ್ಟದಲ್ಲಿ ದಪ್ಪ ಗಂಟು, ಅದರ ನೆತ್ತಿಯಿಂದ ಹೊರಟ ದಾರದಂಥ ಬಳ್ಳಿ, ಇವೇ ಗೆಡ್ಡೆಬಳ್ಳಿಗಳು. ಅವುಗಳಲ್ಲೊಂದು ನಮ್ಮ ಹಲವರ ಮನೆಯ ಬಾಗಿಲ ಮೇಲೆಯೇ ತೂಗಾಡುತ್ತಿದೆ. ಅದರ ವಿಷಯವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮಳೆ ಕಲಿಸಿದ ಉಳಿತಾಯ

ಹಾಸನ ಜಿಲ್ಲೆ ಒಂದೇ ಆದರೂ ಅದರ ಸೀಮೆ ಎರಡು. ಪಶ್ಚಿಮದ ಸಕಲೇಶಪುರದ ಕಡೆ ಮಲೆನಾಡು; ಮುಂಗಾರು ಹಿಡಿದರೆ ದಿನಗಟ್ಟಲೆ ಸೂರ್ಯನ ಮುಖ ಕಾಣದು. ಪೂರ್ವದ ಅರಸೀಕೆರೆ ತಾಲ್ಲೂಕು ಬಯಲುಸೀಮೆ. ಘಟ್ಟದ ಮೇಲೆ ಸುರಿದು ಹಗುರಾದ ಮೋಡಗಳು ಇಲ್ಲಿಗೆ ಬರುವ ಹೊತ್ತಿಗೆ ನೆರಳನ್ನಷ್ಟೇ ಕೊಡುತ್ತವೆ. ಮೇ ತಿಂಗಳಿನ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನ ಮಳೆ, ಇವೆರಡನ್ನೇ ಇಲ್ಲಿಯ ರೈತರು ಹೆಚ್ಚಾಗಿ ನೆಚ್ಚುವುದು. ನಡುವಿನ ದಿನಗಳಲ್ಲಿ ಗಾಳಿ ಬೀಸುತ್ತದೆ; ನೀರು ಬೀಳುವುದು ಅಪರೂಪ.

ಈ ಎರಡು ಸೀಮೆಗಳ ಸಸ್ಯಸಂಪತ್ತು ಎಷ್ಟು ವೈವಿಧ್ಯಮಯವೆಂಬುದಕ್ಕೆ ಒಂದು ದೊಡ್ಡ ಗ್ರಂಥವೇ ಸಾಕ್ಷಿ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಸಿಸಿಲ್ ಸಲ್ಡಾನ ಅವರು ಅಮೆರಿಕದ ಡ್ಯಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಕೋಶ 1976ರಲ್ಲಿ ಪ್ರಕಟವಾಯಿತು. ಒಂದೇ ಜಿಲ್ಲೆಯ ಗಿಡಮರಗಳಿಗೆ ಇಂಥ ಪ್ರತ್ಯೇಕ ಗ್ರಂಥದ ಗೌರವ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಮಲೆನಾಡಿನ ಬಳ್ಳಿಗೆ ನೀರಿನ ಚಿಂತೆಯಿಲ್ಲ. ಅದರ ಹೋರಾಟವೆಲ್ಲ ಬೆಳಕಿಗಾಗಿ. ಬಯಲುಸೀಮೆಯ ಬಳ್ಳಿಗೆ ಬೆಳಕು ಬೇಕಾದಷ್ಟಿದೆ. ಬರುವ ನೀರು ಮಾತ್ರ ನಾಲ್ಕು ದಿನದ ನೆಂಟ. ಆದಕಾರಣ ಮಳೆ ಬಂದಾಗ ಹೀರಿಕೊಂಡು, ಬಿಸಿಲಿನ ತಿಂಗಳುಗಳಿಗೆ ಕೂಡಿಡುವ ಕಣಜವೊಂದು ಅದಕ್ಕೆ ಬೇಕು. ಕಾಂಡದ ಬುಡ ಅಥವಾ ಬೇರು ಊದಿಕೊಂಡು ನೀರನ್ನೂ ಪಿಷ್ಟವನ್ನೂ ಶೇಖರಿಸುವ ಈ ಗಂಟಿಗೆ ಗಿಡ ಬೆಳೆಸುವ ಹವ್ಯಾಸಿಗಳು ಕಾಡೆಕ್ಸ್ ಎನ್ನುತ್ತಾರೆ. ಮರದ ಬುಡವೆಂಬ ಅರ್ಥದ ಲ್ಯಾಟಿನ್ ಶಬ್ದವದು. ಮಳೆಗಾಲ ಕಳೆದೊಡನೆ ಬಳ್ಳಿ ಒಣಗಿ ಉದುರುತ್ತದೆ. ನೋಡಿದವರು ಗಿಡ ಸತ್ತಿತೆಂದು ತಿಳಿಯುತ್ತಾರೆ. ಗಂಟು ಮಾತ್ರ ಸುಮ್ಮನೆ ಕಾಯುತ್ತಿರುತ್ತದೆ.

ಈ ಬಳಗದಲ್ಲಿ ನಮಗೆ ಪರಿಚಿತವಾದವು ಕೆಲವಿವೆ. ಉಪ್ಪಿನಕಾಯಿಯ ಭರಣಿಯಿಂದ ಪರಿಮಳ ಬೀರುವ ಮಾಕಳಿ ಬೇರು ಇಂಥದೊಂದು ಬಳ್ಳಿಯ ದಪ್ಪ ಬೇರು. ಚಟ್ನಿಗೆ ಬಳಸುವ, ಗಿಣ್ಣುಗಿಣ್ಣಾದ ಚೌಕಕಾಂಡದ ಮಂಗರವಳ್ಳಿಗೆ ಗೆಡ್ಡೆಯಿಲ್ಲ. ಅದು ಕಾಂಡದಲ್ಲಿಯೇ ನೀರನ್ನಿಡುವ ಜಾಣೆ. ಕಡಿದು ಮರದ ಮೇಲೆ ಎಸೆದರೂ ದಾರದಂಥ ಬೇರನ್ನು ನೆಲದವರೆಗೆ ಇಳಿಬಿಟ್ಟು ಮತ್ತೆ ಬದುಕಿಕೊಳ್ಳುವ ಅಮೃತಬಳ್ಳಿಯನ್ನು ಅರಿಯದವರಿಲ್ಲ. ಇವರೆಲ್ಲರ ನಡುವೆ ಅತಿ ವಿಚಿತ್ರವಾದುದು ಆಕಾಶಗರುಡ.

ಬಾಗಿಲ ಮೇಲಿನ ಬಳ್ಳಿ

ಆಕಾಶಗರುಡವನ್ನು ನಾಗದೊಂಡೆ ಎಂದೂ ಕರೆಯುವುದುಂಟು. ತೊಂಡೆ, ಹಾಗಲ, ಹೀರೆ, ಪಡವಲಗಳ ಕುಟುಂಬಕ್ಕೆ ಸೇರಿದ ಬಳ್ಳಿಯಿದು. ಅಂಕುಡೊಂಕಾದ ತೆಳುಕಾಂಡ, ಕವಲೊಡೆಯದ ಕುಡಿಬಳ್ಳಿ, ಮೂರೋ ಐದೋ ಹಾಲೆಗಳ ಒರಟು ಎಲೆ, ಹಸಿರು ಬೆರೆತ ಹಳದಿಯ ಪುಟ್ಟ ಹೂ. ಹಣ್ಣು ಮಾತ್ರ ಕಣ್ಣು ಸೆಳೆಯುವಂಥದು: ಬೆರಳ ತುದಿಯಷ್ಟು ಗಾತ್ರ, ತುದಿಯಲ್ಲಿ ಕೊಕ್ಕು, ಎರಡು ಕೊನೆಗಳು ಹಸಿರು, ನಡುವೆ ಕಡುಗೆಂಪು. ಇದರ ಕುಲಕ್ಕೆ ಹವಳದ ಹಣ್ಣು ಎಂಬ ಅರ್ಥ ಬರುವಂತೆ ಕೊರಲ್ಲೊಕಾರ್ಪಸ್ ಎಂದು ಹೆಸರಿಟ್ಟದ್ದು ಇದರಿಂದಲೇ ಇರಬೇಕು. ತರಂಗಂಬಾಡಿಯಲ್ಲಿದ್ದ ಪಾದ್ರಿ ರಾಟ್ಲರ್ ಎಂಬವರು 1803ರಲ್ಲಿ ಈ ಸಸ್ಯವನ್ನು ವರ್ಣಿಸಿದಾಗ ಅದಕ್ಕೆ ಕೊಟ್ಟ ಎಪಿಗೇಯ ಎಂಬ ವಿಶೇಷಣಕ್ಕೆ ನೆಲದ ಮೇಲಿನದು ಎಂದು ಅರ್ಥ. ಆಫ್ರಿಕಾದ ಒಣನಾಡುಗಳಿಂದ ಅರೇಬಿಯಾ, ಪಾಕಿಸ್ತಾನಗಳನ್ನು ಹಾಯ್ದು ನಮ್ಮ ದಖ್ಖನ್ನಿನವರೆಗೂ ಇದು ಹಬ್ಬಿದೆ. ಗೆಡ್ಡೆ ಮೂಲಂಗಿಯ ಜಾತಿಯ ಆಕಾರದ್ದು, ಮಾಸಲು ಬಿಳುಪು, ಬಾಯಿಗಿಟ್ಟರೆ ಕಡುಕಹಿ.

ಜಾತ್ರೆಗಳಲ್ಲಿಯೂ ಸಂತೆಗಳಲ್ಲಿಯೂ ಈ ಗೆಡ್ಡೆಯನ್ನು ರಾಶಿ ಹಾಕಿ ಮಾರುತ್ತಾರೆ. ಕೊಂಡವರು ಅದಕ್ಕೆ ಅರಿಶಿನ ಕುಂಕುಮವಿಟ್ಟು, ಅಮಾವಾಸ್ಯೆಯ ದಿನ ದಾರದಿಂದ ಬಾಗಿಲ ಮೇಲೆ ತೂಗುಹಾಕುತ್ತಾರೆ. ಮಣ್ಣಿಲ್ಲ, ನೀರಿಲ್ಲ. ಆದರೂ ಮುಂಗಾರಿನ ಹೊತ್ತಿಗೆ ಅದರ ನೆತ್ತಿಯಲ್ಲಿ ಹಸಿರು ಮೊಳಕೆ ಮೂಡಿ, ಬಳ್ಳಿ ಮೇಲೇರಿ ಚೌಕಟ್ಟನ್ನು ಹಿಡಿಯುತ್ತದೆ. ಗಾಳಿಯನ್ನೇ ಉಂಡು ಬದುಕುವ ಈ ಪವಾಡವನ್ನು ಕಂಡು ಆಕಾಶದ ಗರುಡನೆಂದು ನಮ್ಮ ಹಿರಿಯರು ಕರೆದಿದ್ದರೆ ಆಶ್ಚರ್ಯವಿಲ್ಲ.

ಆದರೆ ನಡೆಯುತ್ತಿರುವುದೇನು? ಎಲೆಗಳು ಬಿಸಿಲಿನಿಂದ ತಮ್ಮ ಪಾಲಿನ ಆಹಾರವನ್ನೇನೋ ತಯಾರಿಸುತ್ತವೆ. ನೀರಿಗೆ ಮಾತ್ರ ದಾರಿಯಿಲ್ಲ. ಹೀರಲು ಬೇರಿಲ್ಲ, ಬೇರಿಗೆ ಮಣ್ಣಿಲ್ಲ. ಎಲೆಯಿಂದ ಆರಿಹೋಗುವ ಪ್ರತಿಯೊಂದು ಹನಿಯೂ ಗೆಡ್ಡೆಯ ಹಳೆಯ ದಾಸ್ತಾನಿನಿಂದಲೇ ಹೋಗಬೇಕು. ದುಡಿಮೆಯಿಲ್ಲದೆ ಪಿತ್ರಾರ್ಜಿತವನ್ನು ಕರಗಿಸುತ್ತ ಸಂಸಾರ ಸಾಗಿಸುವವನ ಸ್ಥಿತಿ ಅದರದು. ಮೊದಲ ವರ್ಷ ಬಳ್ಳಿ ಗಜದುದ್ದ ಬೆಳೆದೀತು, ಮರುವರ್ಷ ಅದರರ್ಧ, ಆಮೇಲೆ ಗೆಡ್ಡೆ ಸುಕ್ಕುಗಟ್ಟಿ, ಹಗುರಾಗಿ, ಒಂದು ದಿನ ಒಣ ಬೆಂಡಾಗುತ್ತದೆ. ಮನೆಯ ಮಕ್ಕಳಿಗೆ ಇದೊಂದು ಒಳ್ಳೆಯ ಪ್ರಯೋಗ. ತೂಗುಹಾಕುವ ದಿನ ಗೆಡ್ಡೆಯನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದಿಡಲಿ. ದೀಪಾವಳಿಗೆ ಬಳ್ಳಿಯ ಸಮೇತ ಮತ್ತೆ ತೂಗಿ ನೋಡಲಿ. ಬಳ್ಳಿ ಉದ್ದವಾಗಿ ಗೆಡ್ಡೆ ಹಗುರಾದ ಲೆಕ್ಕ ಅವರಿಗೇ ತಿಳಿಯುತ್ತದೆ.

ಗರುಡನೂ ಹಾವೂ

ಗೆಡ್ಡೆ ಚಿಗುರಿದರೆ ಮನೆಗೆ ಶುಭ, ಕೊಳೆತರೆ ಯಾರದೋ ದೃಷ್ಟಿಯನ್ನು ಅದು ತನ್ನ ಮೇಲೆ ಎಳೆದುಕೊಂಡಿತು ಎಂಬ ಮಾತಿದೆ. ಶರಣರ ವಿಚಾರಪರಂಪರೆಯಲ್ಲಿ ಬೆಳೆದ ಮನೆಗಳಿಗೆ ಈ ಭಯದ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಗೆಡ್ಡೆ ಕೊಳೆಯುವುದು ಪೆಟ್ಟಾದ ಜಾಗಕ್ಕೆ ತೇವ ತಗುಲಿದಾಗ. ಒಣಗುವುದು ನೀರು ಮುಗಿದಾಗ. ನೆರೆಮನೆಯವರ ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಗೆಡ್ಡೆ ಒಣಗಿತೆಂದು ನೆರೆಯವರನ್ನು ಸಂಶಯಿಸುವುದಂತೂ ಇನ್ನೂ ದೊಡ್ಡ ಕೇಡು.

ಇದಕ್ಕಿಂತ ಗಂಭೀರವಾದ ನಂಬಿಕೆ ಇನ್ನೊಂದಿದೆ. ಗರುಡನಿದ್ದಲ್ಲಿ ಹಾವು ಸುಳಿಯದು, ಹಾವು ಕಚ್ಚಿದರೆ ಈ ಗೆಡ್ಡೆಯೇ ಮದ್ದು ಎಂಬ ಮಾತು. ತೆಂಗಿನ ತೋಟದಲ್ಲಿ ನಸುಕಿನಲ್ಲಿ ನೀರು ಕಟ್ಟುವವರಿಗೆ, ಒಣಗರಿಯ ರಾಶಿಗೆ ಕೈಹಾಕುವವರಿಗೆ ನಾಗರ, ಕೊಳಕುಮಂಡಲಗಳ ಅಪಾಯ ದಿನನಿತ್ಯದ್ದು. ಈ ಗೆಡ್ಡೆ ವಿಷವನ್ನು ಇಳಿಸುತ್ತದೆಂಬುದಕ್ಕೆ ವೈದ್ಯವಿಜ್ಞಾನದ ಆಧಾರವಿಲ್ಲ. ಅದರ ರಸ ಒಳಗೆ ಹೋದರೆ ವಾಂತಿಭೇದಿಯಾಗುವ ಸಂಭವವಿದೆ. ಅಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಕಚ್ಚಿದ ಕೈಕಾಲನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷದ ಚುಚ್ಚುಮದ್ದೊಂದೇ ಅಲ್ಲಿ ನಿಜವಾದ ಗರುಡ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಬಾಗಿಲ ಮೇಲೆ ಗೆಡ್ಡೆಯಿದೆಯೆಂಬ ಧೈರ್ಯದಲ್ಲಿ ಯಾರೂ ಬರಿಗಾಲಲ್ಲಿ ಕತ್ತಲೆಗೆ ಇಳಿಯದಿರಲಿ.

ಬೇಲಿ ಹೋದರೆ ಬಳ್ಳಿ ಎಲ್ಲಿ?

ಇನ್ನು ಮಾರಾಟದ ರಾಶಿಯ ಮಾತು. ಆ ಗೆಡ್ಡೆಗಳನ್ನು ಯಾರೂ ಹೊಲದಲ್ಲಿ ಬೆಳೆಯುವುದು ಕಾಣದು. ಬೇಲಿಯಿಂದ, ಗೋಮಾಳದಿಂದ, ಗುಡ್ಡದ ಕುರುಚಲಿನಿಂದ ಅಗೆದು ತರುವುದೇ ವಾಡಿಕೆ. ಕಾಯಿ ಕಿತ್ತರೆ ಬಳ್ಳಿ ಉಳಿಯುತ್ತದೆ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಗೆಡ್ಡೆಯನ್ನೇ ಎತ್ತಿದರೆ ಆ ಜಾಗದಲ್ಲಿ ಗಿಡವೇ ಇಲ್ಲ. ಕೈತುಂಬುವ ಗೆಡ್ಡೆಯೊಂದು ಆ ಗಾತ್ರಕ್ಕೆ ಬರಲು ಹಲವು ಮಳೆಗಾಲಗಳು ಬೇಕು. ಅದನ್ನು ನಾವು ಎರಡು ಮೂರು ವರ್ಷ ಬಾಗಿಲ ಮೇಲೆ ಒಣಗಿಸಿ, ಎಸೆದು, ಮತ್ತೊಂದನ್ನು ಕೊಳ್ಳುತ್ತೇವೆ. ಮನೆಗಳು ಸಾವಿರ, ಬೇಲಿ ಒಂದೇ.

ಆ ಬೇಲಿಯೂ ಈಗ ಹಿಂದಿನಂತಿಲ್ಲ. ಕತ್ತಾಳೆ, ಕಳ್ಳಿ, ಲಾಂಟಾನಗಳ ಹಸಿರು ಬೇಲಿ ಇದ್ದೆಡೆ ಕಲ್ಲುಕಂಬ, ಮುಳ್ಳುತಂತಿ ಬರುತ್ತಿವೆ. ತಂತಿಗೆ ನೆರಳಿಲ್ಲ, ಅದರ ಬುಡದಲ್ಲಿ ಹಕ್ಕಿ ಉದುರಿಸಿದ ಬೀಜ ಮೊಳೆಯುವುದು ಕಷ್ಟ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಧಿಷ್ಠಾನದಲ್ಲಿ ಆನೆಗಳ ಸಾಲು, ಸಿಂಹಗಳ ಸಾಲುಗಳ ಮೇಲೆ ಬಳ್ಳಿಯ ಸಾಲೊಂದು ಗುಡಿಯನ್ನು ಬಳಸಿಕೊಂಡು ಓಡುತ್ತದೆ. ಬಳ್ಳಿಯ ತಿರುವು, ಕುಡಿಯ ಸುರುಳಿಗಳನ್ನು ಕಣ್ಣಾರೆ ಕಂಡಿದ್ದ ಶಿಲ್ಪಿಗಳ ಕೆಲಸವದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಕಲ್ಲಿನ ಬಳ್ಳಿಗೆ ಕಾವಲು ದೊರೆಯಿತು. ಅದೇ ಸೀಮೆಯ ಬೇಲಿಯ ಮೇಲಿನ ಜೀವಂತ ಬಳ್ಳಿಗೆ ಕಾವಲುಗಾರರು ನಾವೇ ಆಗಬೇಕು.

ಅಗೆದು ಮುಗಿಸಿದ ಉದಾಹರಣೆಗಳು ನಮ್ಮ ಕಣ್ಣ ಮುಂದಿವೆ. ಉಪ್ಪಿನಕಾಯಿಗೂ ಶರಬತ್ತಿಗೂ ಎಗ್ಗಿಲ್ಲದೆ ಅಗೆದ ಮಾಕಳಿ ಬಳ್ಳಿ ದಕ್ಷಿಣ ಭಾರತದ ಗುಡ್ಡಗಳಲ್ಲಿ ವಿರಳವಾಗಿ, ಅಳಿವಿನ ಭೀತಿಯಲ್ಲಿರುವ ಸಸ್ಯಗಳ ಸಾಲಿಗೆ ಸೇರಿದೆ. ಹಿಮಾಲಯದ ಕಾಡುಗೆಣಸಿನ ಒಂದು ಜಾತಿಯನ್ನು ಹಾರ್ಮೋನು ಔಷಧಿಗಳ ಕಚ್ಚಾವಸ್ತುವಿಗಾಗಿ ಅಗೆದೂ ಅಗೆದೂ, ಕೊನೆಗೆ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹಾಕಬೇಕಾಯಿತು. ಈಚಿನ ವರ್ಷಗಳಲ್ಲಿ ನಗರಗಳ ಮನೆಗಳಲ್ಲಿ ಗೆಡ್ಡೆಬಳ್ಳಿಗಳನ್ನು ಕುಂಡದಲ್ಲಿಟ್ಟು ನೋಡುವ ಹವ್ಯಾಸ ಹಬ್ಬಿದೆ. ಆಮೆಯ ಚಿಪ್ಪಿನಂತೆ ಬಿರಿದ ಗೆಡ್ಡೆಯ, ದಕ್ಷಿಣ ಆಫ್ರಿಕಾದ ಆನೆಪಾದವನ್ನು ಬೀಜದಿಂದ ಬೆಳೆಸಿ ವರ್ಷಗಟ್ಟಲೆ ಕಾಯುವ ತಾಳ್ಮೆವಂತರೂ ಇದ್ದಾರೆ. ಥಾಯ್ಲೆಂಡಿನ ಕಡೆಯ ಸ್ಟೆಫೇನಿಯಾದ ಬೋಳು ಗೆಡ್ಡೆಯನ್ನು ಕಾಡಿನಿಂದ ಅಗೆಸಿ ತರಿಸಿಕೊಂಡು, ಆರು ತಿಂಗಳಲ್ಲಿ ಕೊಳೆಯಿಸುವವರೂ ಇದ್ದಾರೆ. ಹವ್ಯಾಸ ಒಂದೇ, ಒಂದು ದಾರಿ ಗಿಡವನ್ನು ಹೆಚ್ಚಿಸುತ್ತದೆ, ಇನ್ನೊಂದು ಮುಗಿಸುತ್ತದೆ.

ತೂಗುಗೆಡ್ಡೆಯನ್ನು ನೆಲಕ್ಕಿಳಿಸುವ ಕ್ರಮ

ಬಾಗಿಲ ಮೇಲೆ ಈಗಾಗಲೇ ಗೆಡ್ಡೆಯಿರುವವರು ಮಾಡಬೇಕಾದ ಕೆಲಸ ಸರಳ. ಅದನ್ನು ಕೆಳಗಿಳಿಸಿ ಕುಂಡಕ್ಕೆ ಹಾಕುವುದು. ಒಣಗಿ ಬೆಂಡಾಗುವುದಕ್ಕೆ ಮುನ್ನ, ಒತ್ತಿದರೆ ಗಟ್ಟಿಯಾಗಿರುವಾಗಲೇ ಮಾಡಿದರೆ ಅದು ಬದುಕಿಕೊಳ್ಳುವ ಸಂಭವ ಹೆಚ್ಚು.

ಕುಂಡ ಸುಟ್ಟ ಮಣ್ಣಿನದಾಗಿರಲಿ. ತಳದಲ್ಲಿ ತೂತು ಕಡ್ಡಾಯ. ಗೆಡ್ಡೆಯ ಸುತ್ತ ಎರಡು ಬೆರಳಿನಷ್ಟು ಜಾಗ ಉಳಿದರೆ ಸಾಕು. ಅತಿ ದೊಡ್ಡ ಕುಂಡದ ಮಣ್ಣು ಬೇಗ ಒಣಗದೆ ಗೆಡ್ಡೆಯನ್ನು ಕೊಳೆಸುತ್ತದೆ. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಪುಡಿಮಾಡಿದ ಇಟ್ಟಿಗೆ ಚೂರು, ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇಷ್ಟನ್ನು ಬೆರೆಸಬೇಕು. ತೆಂಗಿನ ಸೀಮೆಯಲ್ಲಿ ನಾರಿನ ಪುಡಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ತುಂಬಬಾರದು. ಅದು ನೀರನ್ನು ಬಹಳ ಕಾಲ ಹಿಡಿದಿಡುತ್ತದೆ. ಗೆಡ್ಡೆಯ ಕೆಳಗಿನ ಮೂರರಲ್ಲೊಂದು ಪಾಲು ಮಾತ್ರ ಮಣ್ಣಿನೊಳಗಿರಲಿ. ಚಿಗುರೊಡೆಯುವ ನೆತ್ತಿ ಮೇಲಕ್ಕೇ ಇರಬೇಕು. ಗೆಡ್ಡೆಯ ಚೆಲುವು ಕಾಣುವುದೂ ಆಗಲೇ. ಕೊಳೆತ ಭಾಗವೇನಾದರೂ ಇದ್ದರೆ ಗಟ್ಟಿ ಭಾಗ ಕಾಣುವತನಕ ಚಾಕುವಿನಿಂದ ಹೆರೆದು, ಒಲೆಯ ಬೂದಿ ಸವರಿ, ನಾಲ್ಕೈದು ದಿನ ನೆರಳಿನಲ್ಲಿ ಆರಿಸಿ ಆಮೇಲೆ ನೆಡುವುದು ಕ್ಷೇಮ.

ನೆಟ್ಟೊಡನೆ ನೀರು ಸುರಿಯಬಾರದು. ವಾರ ಕಳೆದ ಮೇಲೆ ಮಣ್ಣು ತೇವವಾಗುವಷ್ಟು ಚಿಮುಕಿಸಿ, ಚಿಗುರು ಕಾಣುವವರೆಗೆ ಕಾಯಬೇಕು. ಎಲೆ ಬಿಟ್ಟ ಮೇಲೆ ಮಣ್ಣಿನ ಮೇಲ್ಭಾಗ ಒಣಗಿದಾಗಲೆಲ್ಲ ತಳದಿಂದ ಹರಿಯುವಂತೆ ನೀರು ಕೊಡಬಹುದು; ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೆಳಗಿನ ಬಿಸಿಲು ಬೀಳುವ ಜಗುಲಿ, ಪೂರ್ವದ ಕಿಟಕಿ ಇದಕ್ಕೆ ಒಳ್ಳೆಯ ಸ್ಥಳ. ಬಳ್ಳಿ ಹಬ್ಬಲು ತೆಂಗಿನ ಗರಿಯ ಕಡ್ಡಿಗಳನ್ನು ನೆಟ್ಟು ದಾರ ಕಟ್ಟಿದರಾಯಿತು. ಬೇಕಾದರೆ ಕುಂಡವನ್ನು ಬಾಗಿಲ ಪಕ್ಕದಲ್ಲಿಟ್ಟು, ಬಳ್ಳಿಯನ್ನು ಹಿಂದಿನಂತೆಯೇ ಚೌಕಟ್ಟಿಗೆ ಹತ್ತಿಸಬಹುದು. ತೋರಣದ ಶೋಭೆಗೆ ಕೊರತೆಯಾಗುವುದಿಲ್ಲ. ಹಿಟ್ಟುತಿಗಣೆ ಕಂಡರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು.

ಎಲೆ ಹಳದಿಯಾಗಿ ಬಳ್ಳಿ ಒಣಗತೊಡಗಿದಾಗ ಹೊಸಬರು ಗಾಬರಿಯಾಗಿ ಹೆಚ್ಚು ನೀರು ಹಾಕುತ್ತಾರೆ. ಅಲ್ಲಿಯೇ ಗೆಡ್ಡೆ ಸಾಯುವುದು. ಅದು ನಿದ್ದೆಯ ಕಾಲ. ನೀರನ್ನು ಪೂರ್ತಿ ನಿಲ್ಲಿಸಿ, ಒಣಬಳ್ಳಿಯನ್ನು ಕತ್ತರಿಸಿ, ಮಳೆ ತಾಗದ ಮೂಲೆಯಲ್ಲಿ ಕುಂಡವನ್ನು ಬಿಟ್ಟುಬಿಡಬೇಕು. ಚಳಿಗಾಲವನ್ನೂ ಬೇಸಿಗೆಯನ್ನೂ ಅದು ಹಾಗೆಯೇ ಕಳೆಯುತ್ತದೆ. ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ ತಾನಾಗಿಯೇ ಏಳುತ್ತದೆ. ಆಗ ಮತ್ತೆ ನೀರು ಕೊಟ್ಟರೆ ಗೆಡ್ಡೆ ಕರಗುವ ಬದಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಚಿಕ್ಕ ಮಕ್ಕಳೂ ದನಕರುಗಳೂ ಗೆಡ್ಡೆಯನ್ನಾಗಲಿ ಹಣ್ಣನ್ನಾಗಲಿ ಬಾಯಿಗಿಡದಂತೆ ಎಚ್ಚರವಿರಲಿ.

ಬೀಜದಿಂದ ಗೆಡ್ಡೆ

ಗೆಡ್ಡೆಯಿಲ್ಲದವರು ಸಂತೆಯಲ್ಲಿ ಕೊಳ್ಳುವುದಕ್ಕಿಂತ ಬೀಜದಿಂದ ಬೆಳೆಸುವುದು ಮೇಲು. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬಿಡುವುದರಿಂದ, ಹುಳುಹುಪ್ಪಟೆಗಳ ಓಡಾಟವಿರುವ ಜಗುಲಿಯಲ್ಲಿ ಒಂಟಿ ಗಿಡವೂ ಕಾಯಿ ಕಟ್ಟಬಲ್ಲದು. ನಡು ಕೆಂಪಾದ ಹಣ್ಣನ್ನು ಬಿಡಿಸಿ, ಬೀಜದ ಲೋಳೆಯನ್ನು ಮರಳಿನಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಒಣಗಿಸಿಡಬೇಕು. ರೋಹಿಣಿ ಮಳೆಯ ಹೊತ್ತಿಗೆ ಮರಳು ಬೆರೆತ ಮಣ್ಣಿನಲ್ಲಿ ಅರ್ಧ ಬೆರಳಿನಾಳಕ್ಕೆ ಬಿತ್ತಿದರೆ ತೊಂಡೆಯ ಬಳಗದ ಉಳಿದ ಬೀಜಗಳಂತೆಯೇ ಮೊಳೆಯುತ್ತದೆ. ಮೊದಲ ಎರಡು ವರ್ಷ ಎಳೆಗೆಡ್ಡೆಯನ್ನು ಮಣ್ಣಿನೊಳಗೇ ಬಿಡಬೇಕು. ನೆಲದೊಳಗಿದ್ದಾಗಲೇ ಅದು ಬೇಗ ಬಲಿಯುವುದು. ಮೂರನೆಯ ವರ್ಷ ಕುಂಡ ಬದಲಿಸುವಾಗ ಸ್ವಲ್ಪ ಮೇಲೆತ್ತಿ ನೆಟ್ಟರೆ ಅದರ ಆಕಾರ ಹೊರಗೆ ಕಾಣುತ್ತದೆ. ಇಷ್ಟು ಕಾಯಲಾರದವರಿಗೆ ಮಂಗರವಳ್ಳಿ, ಅಮೃತಬಳ್ಳಿಗಳಿವೆ. ಒಂದು ಗೇಣು ತುಂಡನ್ನು ಎರಡು ದಿನ ಆರಿಸಿ ನೆಟ್ಟರೆ ಚಿಗುರುತ್ತವೆ. ಹಸಿ ಮಂಗರವಳ್ಳಿ ಕೈಗೂ ಬಾಯಿಗೂ ತುರಿಸುವುದರಿಂದ ಹುರಿದು ಹುಣಿಸೆ ಹಾಕಿಯೇ ಚಟ್ನಿ ಅರೆಯಬೇಕೆಂಬುದನ್ನು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಮನೆಯಲ್ಲಿ ಬೆಳೆದ ಬೀಜದಲ್ಲಿ ನಾಲ್ಕನ್ನು ಜಗುಲಿಗಿಟ್ಟುಕೊಂಡು ಉಳಿದುದನ್ನು ಬೇಲಿಗೆ ಹಾಕಿದರೆ ಇನ್ನೂ ಒಳ್ಳೆಯದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಗಿಡಮೂಲಿಕೆಗಳನ್ನು ಜನರಿಂದಲೇ ಕೇಳಿ ದಾಖಲಿಸಬೇಕು. ಯಾವ ಬೇಲಿಯಲ್ಲಿ ಯಾವ ಬಳ್ಳಿಯಿತ್ತು ಎಂಬುದನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಶಾಲೆಯ ಮಕ್ಕಳು ಆ ಮಾತುಗಳನ್ನು ಬರೆದುಕೊಂಡರೆ ದಾಖಲೆಗೆ ಜೀವ ಬಂದೀತು.

ಮುಂದಿನ ಮುಂಗಾರಿಗೆ ಗಂಡಸಿಯ ಕಡೆಗೆ ಹೋಗುವವರು ಬಸ್ಸಿನ ಕಿಟಕಿಯಿಂದ ತೋಟದ ಅಂಚನ್ನು ಸ್ವಲ್ಪ ಗಮನಿಸಲಿ. ಕತ್ತಾಳೆಯ ಮುಳ್ಳಿನ ನಡುವೆ ಹವಳದ ಚೂರಿನಂಥ ಹಣ್ಣು ಹೊತ್ತ ತೆಳುಬಳ್ಳಿ ಕಂಡರೆ, ಅದರ ಬುಡದ ಗೆಡ್ಡೆಯನ್ನು ಅಲ್ಲಿಯೇ ಬಿಟ್ಟು, ಮಾಗಿದ ಹಣ್ಣೆರಡನ್ನು ಮಾತ್ರ ತರುವುದು ಲೇಸು. ತೂಗುಹಾಕಿದ ಗೆಡ್ಡೆಯೊಂದು ನಮ್ಮ ಮನೆಯನ್ನು ಕಾಯುತ್ತದೆಯೋ ಇಲ್ಲವೋ, ಒಂದು ಹಿಡಿ ಮಣ್ಣು ಕೊಟ್ಟು ಅದರ ಬಾಳನ್ನು ಕಾಯುವುದು ನಮ್ಮ ಕೈಯಲ್ಲಿದೆ.